ಬೆಂಕಿಯ ಪಕ್ಕದ ಗುಬ್ಬಿ

ಫೆಬ್ರವರಿ ೧೧

ಗುಬ್ಬಿ,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡುವುದು ರೂಢಿ. ರೂಢಿಗೆ ಬರೆದಿದ್ದೇನೆ ಎಂದುಕೊಂಡು ಮುಂದೆ ಓದು. ನಿಮ್ಮ ಬೆಟ್ಟದಲ್ಲಿ ಫೋನು ಹಿಡಿಯುವುದಿಲ್ಲ, ಅಂಚೆ ವಾರಕ್ಕೊಮ್ಮೆ ಸಾಮಾನಿನ ಗಾಡಿಯಲ್ಲಿ ಬರುತ್ತದೆ ಎಂದು ನೀನು ಬೇಸರಪಟ್ಟಿದ್ದೆ. ನನಗೆ ಅದೇ ಅನುಕೂಲವಾಯಿತು. ಫೋನಿನಲ್ಲಾದರೆ ಇದನ್ನೆಲ್ಲ ಹೇಳಲು ಆಗುತ್ತಿರಲಿಲ್ಲ. ಟವರಿನ ತುದಿಯಿಂದ ಕೂಗಿದ್ದನ್ನು ನೆಲದ ಮೇಲೆ ಕೇಳಿಸಿಕೊಂಡು ಪಳಗಿದ ಕಿವಿ ನಿನ್ನ ಅಪ್ಪನದು. ಕಾಲು ಕೆಟ್ಟಿದೆ, ಕಿವಿ ಕೆಟ್ಟಿಲ್ಲ.

ವಿಷಯ ಕಾಲಿನದೇ. ಜೀವಮಾನವಿಡೀ ಟವರ್ ಕಟ್ಟುವಲ್ಲಿ ವಿಂಚ್ ಯಂತ್ರ ನಡೆಸಿ ಟನ್ನುಗಟ್ಟಲೆ ಕಬ್ಬಿಣವನ್ನು ಆಕಾಶಕ್ಕೆ ಕಳಿಸಿದ ಮನುಷ್ಯ ಸ್ನಾನದ ಮನೆಯಲ್ಲಿ ಸೋಪಿನ ತುಂಡಿಗೆ ಬಿದ್ದು ಸೊಂಟ ಮುರಿದುಕೊಂಡರು ಎಂದು ಬರೆದಿದ್ದೆನಲ್ಲ. ಆಪರೇಷನ್ ಆಗಿ ಮೂಳೆ ಕೂಡಿದೆ. ಇನ್ನು ದಿನಾ ನಡೆಯಬೇಕು, ಇಲ್ಲದಿದ್ದರೆ ಕಾಲು ಹಾಗೇ ಮರಗಟ್ಟಿಬಿಡುತ್ತದೆ ಎಂದು ಡಾಕ್ಟರು ಹೇಳುತ್ತಾರೆ. ಇವರು ನಾಳೆಯಿಂದ ಅನ್ನುತ್ತಾರೆ. ಬಿದ್ದೆ ಎಂದು ಸಹ ಒಪ್ಪುವುದಿಲ್ಲ, ಜಾರಿ ಕೂತೆ ಅನ್ನುತ್ತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ.

ಈಗ ಕುರ್ಚಿ ಬಿಟ್ಟೇಳದಿರಲು ಇನ್ನೊಂದು ಕಾರಣ ಸಿಕ್ಕಿದೆ. ಟಿವಿಗೆ ಸಿಕ್ಕಿಸಿಟ್ಟು ಹೋದ ನಿನ್ನ ಆಟದ ಪೆಟ್ಟಿಗೆ. ಯಾವ ಗುಂಡಿ ಒತ್ತಿದರೋ ಏನೋ, ಒಂದು ಮಧ್ಯಾಹ್ನ ಪರದೆಯ ಮೇಲೆ ಒಂದು ಹುಡುಗಿ ಬಂದು ನಿಂತಳು. ಗಿಡ್ಡ ಕೂದಲು, ಎಡಹುಬ್ಬಿನ ಮೇಲೆ ಗಾಯದ ಗೆರೆ. ತಲೆಯ ಮೇಲೆ ಹೆಸರು: ಗುಬ್ಬಿ. ಅವಳ ಮುಂದೆ ಬೆಂಕಿ, ಹಿಂದೆ ಆಕಾಶ ಮುಟ್ಟುವ ಒಂದು ಕಬ್ಬಿಣದ ಟವರು. ಇವರು ಕನ್ನಡಕ ಒರೆಸಿಕೊಂಡು ನೋಡಿದರು. ಆಮೇಲೆ ನನ್ನನ್ನು ಕರೆದು, ಇವಳಿಗೆ ಚಳಿ ಆಗ್ತಿರಬಹುದಾ ಎಂದು ಕೇಳಿದರು.

ಅಂದಿನಿಂದ ಅವಳನ್ನು ಬೆಂಕಿಯ ಹತ್ತಿರ ಕೂರಿಸಿಕೊಂಡಿರುವುದೇ ಕೆಲಸ. ನಾನು ಡ್ರೈಕ್ಲೀನಿಂಗ್ ಅಂಗಡಿಯ ಪ್ಯಾಂಟುಗಳಿಗೆ ಜಿಪ್ ಹಾಕುತ್ತ ಈ ಕೋಣೆಯಲ್ಲಿ, ಅವರು ಆ ಕೋಣೆಯಲ್ಲಿ ಅವಳೊಂದಿಗೆ. ಇದು ಒಳ್ಳೆಯದೋ ಕೆಟ್ಟದ್ದೋ ತಿಳಿಯುತ್ತಿಲ್ಲ. ನೀನೇ ಹೇಳು.

ನಿನ್ನ ಅಮ್ಮ

ಫೆಬ್ರವರಿ ೨೭

ಅಮ್ಮಾ,

ನಿನ್ನ ಕಾಗದ ಓದಿ ಡೇರೆಯೊಳಗೆ ಒಬ್ಬಳೇ ನಕ್ಕೆ. ಆಮೇಲೆ ನಗು ನಿಂತುಹೋಯಿತು. ಆ ಹುಡುಗಿಯನ್ನು ಮಾಡಿದ್ದು ನಾನೇ. ಆಟ ಶುರುವಾಗುವಾಗ ನಮಗೆ ಬೇಕಾದ ಮುಖ ಮಾಡಿಕೊಳ್ಳಬಹುದು. ಎಲ್ಲರೂ ತಮಗಿಂತ ಚೆಂದದ್ದನ್ನು ಮಾಡಿಕೊಳ್ಳುತ್ತಾರೆ. ನಾನು ಅರ್ಧ ದಿನ ಒದ್ದಾಡಿ ನನ್ನ ಹುಬ್ಬಿನ ಗಾಯವನ್ನೂ ತಂದೆ, ಅದಿಲ್ಲದೆ ಅವಳು ಯಾರೋ ಅನ್ನಿಸುತ್ತಿದ್ದಳು. ಅವಳು ಕಂಬ ಹತ್ತುವಾಗ ನನ್ನ ಅಂಗೈ ಬೆವರುತ್ತಿತ್ತು, ನಿಜವಾಗಿ.

ಇಲ್ಲಿ ನಮ್ಮ ಅಡುಗೆಯವನಿಗೂ ಫೋನಿನಲ್ಲಿ, ಸಿಗ್ನಲ್ ಇಲ್ಲದೆಯೂ ಆಡಬಹುದಾದ ಇಂಥದೇ ಒಂದು ಆಟದ ಹುಚ್ಚು. ಸಂಜೆ ಒಲೆಯ ಮುಂದೆ ಕೂತು, ಸತ್ತೆ ಕಣ್ರೋ, ಬೆನ್ನಿಗೆ ಹೊಡೆದುಬಿಟ್ಟ ಎಂದು ಗೋಳಾಡುತ್ತಾನೆ. ಸತ್ತವನು ಅನ್ನ ಬಡಿಸು ಎಂದು ಎಲ್ಲರೂ ಗೇಲಿ ಮಾಡುತ್ತೇವೆ. ಯಾರ ಬಾಯಲ್ಲೂ ಆ ಗೊಂಬೆ ಸತ್ತಿತು ಎಂದು ಬರುವುದಿಲ್ಲ. ಗುಂಡಿ ಒತ್ತುವವನೇ ಓಡುತ್ತಾನೆ, ಅವನೇ ಬೀಳುತ್ತಾನೆ.

ಅಪ್ಪ ಆಡಲಿ ಬಿಡು. ಆದರೆ ಬೆಂಕಿಯ ಹತ್ತಿರವೇ ಇಟ್ಟುಕೊಂಡರೆ ಆಟ ಮುಂದೆ ಹೋಗುವುದಿಲ್ಲ. ಹಿಂದೆ ಕಾಣುವ ಆ ಟವರನ್ನು ಹತ್ತಬೇಕು, ಹತ್ತಿದರೆ ಸುತ್ತಲ ಸೀಮೆಯೆಲ್ಲ ತೆರೆದುಕೊಳ್ಳುತ್ತದೆ. ನಾನು ಮನೆ ಬಿಟ್ಟ ದಿನ ಅವಳನ್ನು ಅದರ ಬುಡದಲ್ಲಿ ನಿಲ್ಲಿಸಿ ಬಂದಿದ್ದೆ.

ಅಪ್ಪ ನನ್ನ ಬಗ್ಗೆ ಏನಾದರೂ ಕೇಳುತ್ತಾರಾ? ಕೇಳದಿದ್ದರೆ ಕೇಳಲಿಲ್ಲ ಎಂದೇ ಬರೆ, ಸುಳ್ಳು ಹೇಳಬೇಡ.

ಗುಬ್ಬಿ

ಮಾರ್ಚ್ ೧೬

ಗುಬ್ಬಿ,

ಕೇಳಿದೆಯಲ್ಲ, ಹೇಳುತ್ತೇನೆ. ನಿನ್ನ ಬಗ್ಗೆ ಒಂದು ಮಾತು ಕೇಳಿಲ್ಲ. ನೀನು ಟವರ್ ಹತ್ತುವ ಕೆಲಸಕ್ಕೆ ಸೇರಿದ ದಿನ, 'ಹೋಗೋದಾದ್ರೆ ಹೋಗು, ನಿನ್ನ ಸುದ್ದಿ ಯಾರೂ ನನ್ನ ಕಿವಿಗೆ ಹಾಕ್ಬೇಡಿ' ಎಂದರಲ್ಲ, ಆ ಮಾತಿಗೇ ಅಂಟಿಕೊಂಡಿದ್ದಾರೆ. ನಿನ್ನ ಕಾಗದ ಬಂದರೆ ಮುಖ ಗೋಡೆಯ ಕಡೆ ತಿರುಗುತ್ತದೆ. ನಾನು ಗಟ್ಟಿಯಾಗಿ ಓದಿದರೆ ಕೆಮ್ಮುತ್ತಾರೆ. ಆದರೆ ನಾನು ಓದಿ ಮುಗಿಸುವವರೆಗೆ ಟಿವಿಯ ಸದ್ದನ್ನು ಏರಿಸುವುದಿಲ್ಲ, ಅದನ್ನು ನಾನು ಗಮನಿಸಿದ್ದೇನೆ.

ಅತ್ತ ಪರದೆಯ ಗುಬ್ಬಿಯೊಂದಿಗೆ ಮಾತೋ ಮಾತು. 'ಹುಷಾರು ಮಗಾ, ಕಲ್ಲು ಜಾರತ್ತೆ.' 'ಆ ಕಡೆ ಬೇಡ.' ಅಲ್ಲಿ ಮಳೆ ಬಂದರೆ ಅವಳನ್ನು ಒಂದು ಬಂಡೆಯ ಅಡಿಗೆ ಕರೆದೊಯ್ಯುತ್ತಾರೆ. ಸೂರ್ಯ ಮುಳುಗಿದರೆ ಬೆಂಕಿಯ ಪಕ್ಕಕ್ಕೆ ತಂದು ಕೂರಿಸುತ್ತಾರೆ. ನಿಮ್ಮ ಅಡುಗೆಯವನಂತೆ ನಾನು ಓಡಿದೆ, ನಾನು ಬಿದ್ದೆ ಎಂದು ಒಂದು ದಿನವೂ ಹೇಳಿದ್ದಿಲ್ಲ. ಬೀಳಲು ಬಿಟ್ಟರೆ ತಾನೇ? ಟವರು ಹತ್ತಬೇಕಂತೆ ಎಂದು ನೀನು ಬರೆದದ್ದನ್ನು ಹೇಳಿದೆ. ನಾನೇನೋ ವಿಷ ಕುಡಿಸಲು ಹೇಳಿದವಳ ಹಾಗೆ ನನ್ನನ್ನು ನೋಡಿದರು.

ನಿನಗೂ ಗೊತ್ತು, ಸುಮ್ಮಸುಮ್ಮನೆ ಹಟ ಹಿಡಿಯುವ ಮನುಷ್ಯ ಅಲ್ಲ. ಅವರು ಮೇಲಕ್ಕೆ ಕಳಿಸಿದ ಇಬ್ಬರು ಅವರ ಕಣ್ಣೆದುರೇ ಕೆಳಗೆ ಬಿದ್ದು ತೀರಿಕೊಂಡರು. ಒಬ್ಬ ನಮ್ಮ ಮನೆಯಲ್ಲಿ ಊಟ ಮಾಡಿ ಹೋದವನು. ಅಂದಿನಿಂದ ಎತ್ತರ ಅಂದರೆ ಇವರಿಗೆ ಒಂದೇ ಅರ್ಥ.

ನನ್ನ ಹೆದರಿಕೆ ಬೇರೆಯದು. ವ್ಯಾಯಾಮ ಮಾಡಿಸುವ ಹುಡುಗಿ ಬಂದರೆ, ಈಗ ಆಗಲ್ಲ, ಅವಳನ್ನು ಬಯಲಲ್ಲಿ ಬಿಟ್ಟು ಹೇಗೆ ಏಳಲಿ ಅನ್ನುತ್ತಾರೆ. ಸ್ನಾನಕ್ಕೆ ಏಳಲು ಮಾತ್ರ ಒಪ್ಪುತ್ತಾರೆ. ಮೊನ್ನೆ ಆ ಹುಡುಗಿ ನನ್ನನ್ನು ಬಾಗಿಲ ಆಚೆಗೆ ಕರೆದು, ಬೇಸಿಗೆ ಮುಗಿಯುವುದರೊಳಗೆ ಬೀದಿಗೆ ಇಳಿಯದಿದ್ದರೆ ಆಮೇಲೆ ಇಳಿಯುವ ಪ್ರಶ್ನೆಯೇ ಇಲ್ಲ ಎಂದಳು. ನನಗೆ ಅಳು ಬಂತು. ಕೈಯಲ್ಲಿ ಪ್ಯಾಂಟು ಇತ್ತು, ಅದರಲ್ಲೇ ಕಣ್ಣೊರೆಸಿಕೊಂಡೆ. ಪುಣ್ಯಕ್ಕೆ ಇನ್ನೂ ಒಗೆದಿರಲಿಲ್ಲ.

ಅಮ್ಮ

ಏಪ್ರಿಲ್ ೪

ಗುಬ್ಬಿ,

ನಿನ್ನ ಉತ್ತರಕ್ಕೆ ಕಾಯದೆ ಬರೆಯುತ್ತಿದ್ದೇನೆ. ಎರಡು ಸಲ ಅಂಚೆಯವನು ಬರಿಗೈಯಲ್ಲಿ ಹೋದ. ನಿಮ್ಮ ಗಾಡಿ ಕೆಟ್ಟಿರಬೇಕು. ಕೆಟ್ಟಿರಲಿ ಎಂದೇ ಬೇಡಿಕೊಳ್ಳುತ್ತಿದ್ದೇನೆ.

ನಾನು ಅವಳನ್ನು ಕೊಂದುಬಿಟ್ಟೆ.

ಬೇಕೆಂದು ಮಾಡಿದ್ದಲ್ಲ. ಇವರನ್ನು ಆ ಹುಡುಗಿ ಸ್ನಾನಕ್ಕೆ ಕರೆದುಕೊಂಡು ಹೋಗಿದ್ದಳು. ನಾನು ಕುರ್ಚಿಯ ಹೊದಿಕೆ ಕೊಡವಿದೆ. ಇವರು ಕೈಯಲ್ಲಿ ಹಿಡಿದು ಆಡುವ ಆ ಗುಂಡಿಗಳ ಡಬ್ಬ ಅದರೊಳಗೆ ಸಿಕ್ಕಿಕೊಂಡಿತ್ತು. ಎತ್ತಿ ಪಕ್ಕಕ್ಕಿಡೋಣ ಎಂದು ಹಿಡಿದೆ, ಅವಳು ಎದ್ದು ನಡೆಯತೊಡಗಿದಳು. ನಿಲ್ಲಿಸೋಣ ಎಂದು ಇನ್ನೊಂದು ಒತ್ತಿದೆ, ಓಡಿದಳು. ತಿರುಗಿಸೋಣ ಎಂದರೆ ಬಂಡೆಯ ಅಂಚಿನಿಂದ ಹಾರಿದಳು. ಕೈಕಾಲು ಆಡಿಸುತ್ತ ಹೋದಳು ಗುಬ್ಬಿ, ಕೆಳಗೆ, ಕೆಳಗೆ. ಆಮೇಲೆ ಪರದೆ ಕಪ್ಪಾಯಿತು. ವೈರನ್ನೇ ಕಿತ್ತು ಹೊಲಿಗೆ ಮೆಷಿನ್ನಿನ ಖಾನೆಯಲ್ಲಿ ದಾರದುಂಡೆಗಳ ಅಡಿಗೆ ಮುಚ್ಚಿಟ್ಟೆ.

ಅವರು ಬಂದು ಕೇಳಿದರು. ಕರೆಂಟ್ ಹೋಗಿದೆ ಎಂದೆ. ನಮ್ಮಿಬ್ಬರ ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಆಮೇಲೆ ಪೆಟ್ಟಿಗೆ ಕೆಟ್ಟಿದೆ, ರಿಪೇರಿಯವನಿಗೆ ಹೇಳಿದ್ದೇನೆ ಎಂದು ಸುಳ್ಳು ತಿದ್ದಿದೆ. ಅಂದಿನಿಂದ ಹೊತ್ತಿಗೊಮ್ಮೆ ರಿಪೇರಿಯವನು ಬಂದನಾ ಎಂದು ಕೇಳುತ್ತಾರೆ. 'ಪಾಪ, ಅವಳೊಬ್ಬಳೇ ಇದಾಳೆ' ಎಂದು ಊಟ ಅರ್ಧಕ್ಕೇ ಬಿಡುತ್ತಾರೆ.

ಗೊಂಬೆ ಬಿದ್ದರೆ ಮಗಳು ಬಿದ್ದಂತೆ ಅಲ್ಲ ಎನ್ನುವಷ್ಟು ಬುದ್ಧಿ ನನಗಿದೆ. ಆದರೂ ಅವಳ ಹುಬ್ಬಿನ ಮೇಲೆ ನಿನ್ನ ಗಾಯ ಇತ್ತಲ್ಲ. ಅವಳು ಬಿದ್ದ ವಾರದಲ್ಲೇ ನಿನ್ನ ಕಾಗದ ಬರಲಿಲ್ಲ. ನಿನ್ನೆ ಒಂದು ಪ್ಯಾಂಟಿಗೆ ಜಿಪ್ಪನ್ನು ತಲೆಕೆಳಗಾಗಿ ಹೊಲಿದೆ.

ಒಂದು ಸಾಲು ಬರೆ. ಅವಳನ್ನು ಮತ್ತೆ ಮಾಡಲು ಬರುವುದಾದರೆ ಹೇಗೆಂದೂ ಬರೆ.

ಅಮ್ಮ

ಏಪ್ರಿಲ್ ೧೯

ಅಮ್ಮಾ,

ಅಕ್ಷರ ನೋಡಿ ಹೆದರಬೇಡ. ಎಡಗೈಯಲ್ಲಿ ಬರೆಯುತ್ತಿದ್ದೇನೆ. ನೀರಿನ ಡ್ರಮ್ ಎತ್ತುವಾಗ ಬಲಗೈ ಮಣಿಕಟ್ಟು ಉಳುಕಿತು, ಪಟ್ಟಿ ಕಟ್ಟಿದ್ದಾರೆ. ಬರೆಯುವುದು ತಡವಾಗಿದ್ದು ಅದಕ್ಕೇ.

ನೀನು ಯಾರನ್ನೂ ಕೊಂದಿಲ್ಲ. ವೈರು ಸಿಕ್ಕಿಸಿ ಟಿವಿ ಹಾಕು. ಅವಳು ಬೆಂಕಿಯ ಪಕ್ಕದಲ್ಲೇ ನಿಂತಿರುತ್ತಾಳೆ, ಏನೂ ಆಗದವಳ ಹಾಗೆ. ಆಟದಲ್ಲಿ ಎಷ್ಟು ಸಲ ಬಿದ್ದರೂ ಅಷ್ಟೇ, ಕೊನೆಗೆ ಕೂತಿದ್ದ ಬೆಂಕಿಯ ಹತ್ತಿರದಿಂದ ಮತ್ತೆ ಶುರು. ನಾನು ಲೆಕ್ಕವಿಲ್ಲದಷ್ಟು ಸಲ ಅವಳನ್ನು ಬೀಳಿಸಿದ್ದೇನೆ. ಬೀಳದೆ ಯಾರೂ ಆ ಆಟ ಕಲಿಯುವುದಿಲ್ಲ.

ಇದು ಅಪ್ಪನಿಗೆ ಗೊತ್ತೇ ಇಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಹೇಗೆ ಗೊತ್ತಾಗಬೇಕು? ನಾನು ಆಡಿ ಬಿಟ್ಟಲ್ಲಿಂದ ಎತ್ತಿಕೊಂಡರು, ಒಂದು ಸಲವೂ ಬೀಳಲು ಬಿಡಲಿಲ್ಲ. ಇಷ್ಟು ದಿನ ಅವಳಿಗೆ ಒಂದೇ ಜೀವ ಎಂದುಕೊಂಡು ಕಾವಲು ಕೂತಿದ್ದಾರೆ.

ಎಡಗೈ ಅಕ್ಷರದ ಈ ಕಾಗದವನ್ನು ಅವರ ಕಣ್ಣಿಗೆ ಬೀಳದ ಹಾಗೆ ಇಡು.

ಗುಬ್ಬಿ

ಮೇ ೩

ಗುಬ್ಬಿ,

ನೀನು ಇಡು ಎಂದೆ, ನಾನು ಇಟ್ಟೆ. ಆದರೆ ಆ ಮನುಷ್ಯನಿಂದ ಬಚ್ಚಿಡಲು ನನ್ನ ಅಪ್ಪನ ಕೈಯಲ್ಲೂ ಆಗುತ್ತಿರಲಿಲ್ಲ.

ಕಾಗದ ಓದಿದೊಡನೆ ಧೈರ್ಯ ಬಂದು ವೈರು ತೆಗೆದು ಸಿಕ್ಕಿಸಿದೆ. ನೀನು ಹೇಳಿದಂತೆ ಇದ್ದಳು, ಬೆಂಕಿಯ ಪಕ್ಕದಲ್ಲಿ. ಸಂತೋಷಕ್ಕೆ ನನ್ನ ಬಾಯಿ ನಿಲ್ಲಲಿಲ್ಲ. ನಡೆದದ್ದೆಲ್ಲ ಹೇಳಿಬಿಟ್ಟೆ, ಬೀಳಿಸಿದ್ದು, ವೈರು ಮುಚ್ಚಿಟ್ಟದ್ದು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. 'ಇನ್ನೊಂದು ಸಲ ಬೀಳಿಸು, ನೋಡ್ತೀನಿ' ಎಂದರು. ನಾನು ಬೀಳಿಸಿದೆ. ಪರದೆ ಕಪ್ಪಾಯಿತು, ಬೆಳಗಾಯಿತು, ಅವಳು ಬೆಂಕಿಯ ಪಕ್ಕದಲ್ಲಿ ನಿಂತಿದ್ದಳು.

ಅವರು ನಗುತ್ತಾರೆ ಎಂದು ಕಾದೆ. ಡಬ್ಬವನ್ನು ಮಡಿಲಿಂದ ಕೆಳಗಿಟ್ಟು, ಕಾಗದ ಕೊಡು ಎಂದು ಕೈ ಚಾಚಿದರು. ನೀನು ಹೋದ ಒಂದೂವರೆ ವರ್ಷದಲ್ಲಿ ಮೊದಲ ಸಲ. ಕೊಡದೆ ಇರಲು ಆಗಲಿಲ್ಲ ಗುಬ್ಬಿ. ಅವರು ಓದಿದ್ದು ಒಂದೆರಡು ಸಾಲು ಅಷ್ಟೇ, ಉಳಿದದ್ದೆಲ್ಲ ನಿನ್ನ ಸೊಟ್ಟ ಅಕ್ಷರ ನೋಡಿದ್ದು. ಆಮೇಲೆ ನನ್ನನ್ನಲ್ಲ, ಟಿವಿಯನ್ನು ಕೇಳುವವರ ಹಾಗೆ ಕೇಳಿದರು:

'ಇಲ್ಲಿ ಬಿದ್ರೆ ಎದ್ದು ಬರ್ತಾಳೆ. ಅಲ್ಲಿ ಬಿದ್ರೆ?'

ನಾನು ಎದ್ದು ಟಿವಿ ಆರಿಸಿದೆ.

ಅಂದಿನಿಂದ ಆಟ ಹಾಕಿಲ್ಲ. ಹಾಕಿದರೂ ಒಂದು ಭಯ, ಹಾಕದಿದ್ದರೂ ಒಂದು ಭಯ ನನಗೆ. ಈಗ ಕುರ್ಚಿಯೂ ಬೇಡವಾಗಿ ಹಾಸಿಗೆ ಹಿಡಿದಿದ್ದಾರೆ. ವ್ಯಾಯಾಮದ ಹುಡುಗಿ ಬಂದರೆ ಕಣ್ಣು ಮುಚ್ಚಿಕೊಂಡು ನಿದ್ದೆಯ ನಾಟಕ. ನೀರಿನ ಡ್ರಮ್ಮಿನ ಕಥೆಯನ್ನು ಅವರು ನಂಬಿಲ್ಲ. ನಿಜ ಹೇಳಬೇಕೆಂದರೆ ನಾನೂ ನಂಬಿಲ್ಲ. ನನಗೆ ಬರೆಯಬೇಡ, ಅವರಿಗೇ ಬರೆ.

ಅಮ್ಮ

ಮೇ ೧೭

ಅಪ್ಪಾ,

ನನ್ನ ಸುದ್ದಿ ಕಿವಿಗೆ ಹಾಕಬೇಡಿ ಎಂದಿದ್ದಿರಿ. ಇದು ಕಣ್ಣಿಗೆ.

ಡ್ರಮ್ ಸುಳ್ಳು. ನಾನು ಬಿದ್ದೆ. ಮಾರ್ಚ್ ಕೊನೆಯಲ್ಲಿ ಒಂದು ಬೆಳಿಗ್ಗೆ, ಕಬ್ಬಿಣದ ಮೇಲಿನ ಇಬ್ಬನಿ ಆರುವ ಮೊದಲೇ ಹತ್ತಿದ್ದು ನನ್ನ ತಪ್ಪು. ಅಡ್ಡಪಟ್ಟಿಯಿಂದ ಕಾಲು ಜಾರಿತು. ನೀವು ಊಟದ ತಟ್ಟೆಯ ಮುಂದೆ ಸಾವಿರ ಸಲ ಹೇಳುತ್ತಿದ್ದಿರಲ್ಲ, ಬೆಲ್ಟಿನ ಒಂದು ಕೊಕ್ಕೆಯನ್ನು ಕಬ್ಬಿಣಕ್ಕೆ ಸಿಕ್ಕಿಸದೆ ಇನ್ನೊಂದನ್ನು ಬಿಚ್ಚಬಾರದು ಎಂದು. ನಾನು ಬಿಚ್ಚಿರಲಿಲ್ಲ. ಬೆಲ್ಟು ನನ್ನನ್ನು ಹಿಡಿಯಿತು, ಮಣಿಕಟ್ಟು ಕಬ್ಬಿಣಕ್ಕೆ ಬಡಿಯಿತು, ಅಷ್ಟೇ. ಆಗ ಕೆಳಗಿನಿಂದ ಕಬ್ಬಿಣದ ಕಂತೆ ಮೇಲೆ ಬರುತ್ತಿತ್ತು. ಬಂದಿದ್ದರೆ ನನ್ನ ಬೆನ್ನಿಗೇ ಬಡಿಯುತ್ತಿತ್ತು. ನಾನು ಕೂಗುವ ಮೊದಲೇ ಅದು ನಿಂತಿತು. ನಮ್ಮ ವಿಂಚ್ ನಡೆಸುವವರನ್ನು ಎಲ್ಲರೂ ಮಾವ ಎಂದೇ ಕರೆಯುತ್ತೇವೆ, ನಿಮ್ಮ ವಯಸ್ಸಿನವರು, ನಿಮ್ಮಷ್ಟೇ ಸಿಡುಕ. ನಿಲ್ಲಿಸಿ, ಎರಡು ಕೈಯಲ್ಲೂ ಬ್ರೇಕು ಹಿಡಿದುಕೊಂಡು ನಡುಗುತ್ತಿದ್ದರಂತೆ.

ಇಳಿದ ಮೇಲೆ ಮೊದಲು ನೆನಪಾದದ್ದು ನೀವು. ಮೇಲೆ ಜಾರಿದವಳಿಗೆ ಭಯಪಡಲೂ ಪುರುಸೊತ್ತು ಇರುವುದಿಲ್ಲ ಅಪ್ಪಾ. ಭಯವೆಲ್ಲ ಕೆಳಗೆ ನಿಂತವನದು. ನೀವು ಎಷ್ಟು ವರ್ಷ ಅದನ್ನು ಒಬ್ಬರೇ ಹೊತ್ತಿರಿ ಎಂದು ನನಗೆ ಅಂದು ಗೊತ್ತಾಯಿತು.

ಕೈ ವಾಸಿಯಾಗಿದೆ. ನಾಳೆಯಿಂದ ಮತ್ತೆ ಹತ್ತುತ್ತೇನೆ. ಹೆದರಿಕೆಯಿಲ್ಲ ಎಂದು ಹೇಳುವುದಿಲ್ಲ. ಇನ್ನು ಹತ್ತದೇ ಇದ್ದರೆ ಈ ಹೆದರಿಕೆ ಜೀವಮಾನವಿಡೀ ಇರುತ್ತದೆ, ಅದು ನನಗೆ ಬೇಡ.

ಒಂದು ಕೇಳಿಕೊಳ್ಳುತ್ತೇನೆ. ಅವಳನ್ನು ಆ ಟವರಿಗೆ ಹತ್ತಿಸಿ, ಒಂದೇ ಸಲ. ಮಗಳನ್ನು ಕಳಿಸಿದ ಹಾಗೆ ಅಲ್ಲ, ನೀವೇ ಹೋದ ಹಾಗೆ. ನಾನು ಮೇಲಿಂದ ಏನು ನೋಡುತ್ತೇನೆ ಎಂದು ನಿಮಗೆ ತೋರಿಸಲು ನನ್ನ ಹತ್ತಿರ ಬೇರೆ ದಾರಿ ಇಲ್ಲ.

ನಿಮ್ಮ ಗುಬ್ಬಿ

ಜೂನ್ ೨

ಗುಬ್ಬಿಗೆ,

ನನಗೆ ಕಾಗದ ಬರೆದು ಅಭ್ಯಾಸವಿಲ್ಲ. ಮೇಲಿನವನು ಕೈ ಎತ್ತಿದರೆ ಎಳೆ, ಇಳಿಸಿದರೆ ನಿಲ್ಲಿಸು, ಇಷ್ಟೇ ನನಗೆ ಬರುವ ಭಾಷೆ.

ಬಿದ್ದದ್ದು ಓದಿದೆ. ನಿನ್ನ ಅಮ್ಮ ಚಹಾ ಕೊಟ್ಟಳು, ಆರಿಹೋಯಿತು. ಇಬ್ಬನಿಯ ವಿಚಾರಕ್ಕೆ ಬೈಯಬೇಕು, ಎದುರಿಗೆ ಸಿಕ್ಕಾಗ ಬೈಯುತ್ತೇನೆ. ನಿಮ್ಮ ವಿಂಚಿನ ಮಾವನಿಗೆ ನನ್ನ ನಮಸ್ಕಾರ ಹೇಳು. ಬ್ರೇಕು ಹಿಡಿದು ನಡುಗಿದ ಕೈ ಹೇಗಿರುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಿಲ್ಲ.

ಟವರು ಹತ್ತಿದೆ. ಮೊದಲ ದಿನ ಬುಡದಲ್ಲೇ ನಿಂತು ವಾಪಸು ಬಂದೆ. ಮಾರನೆಯ ದಿನ ಸ್ವಲ್ಪ ಹೋಗಿ ಬಿದ್ದೆ. ಕಣ್ಣು ಮುಚ್ಚಿಕೊಂಡಿದ್ದೆ, ನಿನ್ನ ಅಮ್ಮ ನನ್ನ ತೋಳು ಹಿಂಡಿ, ಎದ್ದಿದಾಳೆ ನೋಡಿ ಎಂದಳು. ಮತ್ತೆ ಹೋದೆ, ಮತ್ತೆ ಬಿದ್ದೆ. ಆಮೇಲೆ ನನಗೆ ಸಿಟ್ಟು ಬಂತು. ಸಿಟ್ಟು ಬಂದ ಮೇಲೆ ಭಯ ಎಲ್ಲಿ ಹೋಯಿತೋ ಗೊತ್ತಿಲ್ಲ. ಅರ್ಧ ದಾಟಿದಾಗ ಕಾಲಿನ ಬೆರಳುಗಳು ಬಿಗಿಯಾಗಿ ನೆಲ ಒತ್ತುತ್ತಿದ್ದವು. ಕೆಟ್ಟ ಕಾಲಿನವೂ. ಅದನ್ನು ನೋಡಿದವಳು ನಿನ್ನ ಅಮ್ಮ, ನನಗೆ ಅರಿವೇ ಇರಲಿಲ್ಲ.

ತುದಿ ತಲುಪಿದೆ. ಇಷ್ಟೆಲ್ಲ ಕಾಣುತ್ತದೆ ಎಂದು ನೀವು ಯಾರೂ ನನಗೆ ಹೇಳಿರಲಿಲ್ಲ. ಹೊಳೆ, ಕಾಡು, ಅದರಾಚೆ ಇನ್ನೊಂದು ಹೊಳೆ. ಬಹಳ ಹೊತ್ತು ನಿಂತಿದ್ದೆ. ಆಮೇಲೆ ಕೆಳಗೆ ನೋಡಿದೆ. ಅವಳನ್ನು ಇಷ್ಟು ತಿಂಗಳು ಕೂರಿಸಿಕೊಂಡಿದ್ದ ಬೆಂಕಿ ಅಲ್ಲಿತ್ತು, ಕಡ್ಡಿ ಗೀರಿದಷ್ಟು. ಪಕ್ಕದಲ್ಲಿ ಯಾರಾದರೂ ನಿಂತಿದ್ದರೆ ಕಾಣುತ್ತಿರಲಿಲ್ಲ. ಕೆಳಗೆ ನಿಂತು ಕತ್ತು ನೋಯುವವರೆಗೆ ನಾನು ಜನರನ್ನು ನೋಡುತ್ತಿದ್ದೆ. ಅವರಿಗೆ ನಾನು ಇಷ್ಟೂ ಕಾಣುತ್ತಿರಲಿಲ್ಲ. ಆದರೂ ನಂಬಿ ನನ್ನ ಕೈಗೆ ಜೀವ ಕೊಟ್ಟಿದ್ದರು. ಬಿದ್ದ ಆ ಇಬ್ಬರೂ ನಂಬಿದ್ದರು. ಅದನ್ನು ನೆನೆಸಿಕೊಂಡು ಅತ್ತೆ. ನಿನ್ನ ಅಮ್ಮ ಬರೆಯುತ್ತಾಳೆ, ಅದಕ್ಕೆ ಮೊದಲು ನಾನೇ ಬರೆದೆ.

ನೀನು ಕೆಲಸ ಬಿಡು ಎಂದು ಹೇಳುವುದಿಲ್ಲ. ಒಪ್ಪಿದ್ದೇನೆ ಎಂದೂ ಬರೆಯಲಾರೆ. ಹೆದರಿಕೆ ಇದ್ದೇ ಇದೆ, ಇರುತ್ತದೆ. ಆದರೆ ನಿನ್ನ ಸುದ್ದಿಯನ್ನು ಇನ್ನು ನನ್ನ ಕಿವಿಗೇ ಹಾಕು.

ವ್ಯಾಯಾಮದ ಹುಡುಗಿ ಊರುಗೋಲು ಹಿಡಿಸಿ ಕೋಣೆಯಿಂದ ಕೋಣೆಗೆ ನಡೆಸುತ್ತಿದ್ದಾಳೆ. ಹೋದ ವಾರ ಹೊಸ್ತಿಲಿಗೆ ಎಡವಿ ಬಿದ್ದೆ. ಹೌದು, ಬಿದ್ದೆ. ನಿನ್ನ ಅಮ್ಮ ಕಿರುಚಿದಳು. ಗೋಡೆ ಹಿಡಿದು ನಾನೇ ಎದ್ದೆ.

ಅಂಚೆಡಬ್ಬ ಬೀದಿಯ ಕೊನೆಯಲ್ಲಿದೆ, ನಿನಗೆ ಗೊತ್ತು. ಬಾಗಿಲ ಮುಂದಿನ ಮೆಟ್ಟಿಲನ್ನು ನಾನು ಇನ್ನೂ ಇಳಿದಿಲ್ಲ. ಈ ಕಾಗದವನ್ನು ಯಾರ ಕೈಗೂ ಕೊಡುವುದಿಲ್ಲ ಎಂದು ಹೇಳಿದ್ದೇನೆ. ನಿನ್ನ ಅಮ್ಮ ಏನೋ ಹೊಲಿಯುವವಳ ಹಾಗೆ ಕಿಟಕಿಯ ಹತ್ತಿರ ಕೂತಿದ್ದಾಳೆ. ನನ್ನ ಹಿಂದೆಯೇ ಬರಲು ಚಪ್ಪಲಿ ಹಾಕಿಕೊಂಡೇ ಕೂತಿದ್ದಾಳೆ.

ಇದು ನಿನ್ನ ಕೈಗೆ ಬಂದಿದ್ದರೆ, ನಾನು ಅಲ್ಲಿಯವರೆಗೆ ನಡೆದು ಹೋಗಿದ್ದೇನೆ ಎಂದು ತಿಳಿ.

ಅಪ್ಪ